ಉಳುವ ಕುದುರೆ, ಹಾರುವ ಕುದುರೆ

ಕುದುರೆಯೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ದಸರಾ ಮೆರವಣಿಗೆಯ ಸಿಂಗಾರದ ಅಶ್ವ, ಇಲ್ಲವೆ ರೇಸಿನ ಮೈದಾನದಲ್ಲಿ ಮಿಂಚಿ ಮರೆಯಾಗುವ ನೀಳಕಾಲಿನ ಪ್ರಾಣಿ. ನೇಗಿಲಿಗೆ ಕಟ್ಟಿದ ಕುದುರೆಯನ್ನು ಕನ್ನಡ ನಾಡಿನಲ್ಲಿ ಕಂಡವರು ವಿರಳ. ನಮ್ಮ ಹೊಲಕ್ಕೆ ಎತ್ತೇ ಒಡೆಯ. ಆದರೆ ಐರ್ಲೆಂಡಿನ ರೈತನ ಪಾಲಿಗೆ ಎತ್ತೂ ಕುದುರೆಯೂ ಒಂದೇ ಆಗಿದ್ದ ಕಾಲವೊಂದಿತ್ತು. ಆತನ ಹಿಡುವಳಿ ಸಣ್ಣದು. ಉಳುವುದಕ್ಕೊಂದು, ಸವಾರಿಗೊಂದು ಎಂದು ಎರಡು ಕುದುರೆಗಳನ್ನು ಸಾಕುವ ಶಕ್ತಿ ಆತನಿಗಿರಲಿಲ್ಲ. ಆದುದರಿಂದ ವಾರವೆಲ್ಲ ನೇಗಿಲೆಳೆದು, ಭಾನುವಾರ ಮನೆಮಂದಿಯನ್ನು ಗಾಡಿಯಲ್ಲಿ ಕೂರಿಸಿಕೊಂಡು ಇಗರ್ಜಿಗೆ ಹೋಗಿ, ಚಳಿಗಾಲದ ಬೇಟೆಯ ದಿನ ಬೆನ್ನಿಗೆ ಜೀನು ಬಿಗಿಸಿಕೊಂಡು ಕಂದಕ ಹಾರುವ ಒಂದೇ ಪ್ರಾಣಿ ಆತನಿಗೆ ಬೇಕಾಯಿತು. ಆ ಅಗತ್ಯದಿಂದ ರೂಪುಗೊಂಡ ತಳಿಯೇ ಐರಿಷ್ ಡ್ರಾಫ್ಟ್.

ಡ್ರಾಫ್ಟ್ ಎಂದರೆ ಭಾರ ಎಳೆಯುವುದು. ಹಾಗೆಂದು ಇದನ್ನು ಇಂಗ್ಲೆಂಡಿನ ಶೈರ್ ಕುದುರೆಯಂತೆ ಬೆಟ್ಟದಂಥ ಪ್ರಾಣಿಯೆಂದು ಭಾವಿಸಬಾರದು. ಹೆಗಲ ಬಳಿ ಸುಮಾರು ಐದಡಿ ಎರಡಂಗುಲದಿಂದ ಐದಡಿ ಎಂಟಂಗುಲದವರೆಗಿನ ಎತ್ತರ, ಗಟ್ಟಿ ಮೂಳೆ, ವಿಶಾಲವಾದ ಎದೆ, ಬಲವಾದ ಹಿಂಭಾಗ. ಶೈರ್ ಕುದುರೆಯ ಕಾಲಿಗಿರುವಂಥ ದಟ್ಟವಾದ ಕೂದಲ ಗೊಂಡೆ ಇದಕ್ಕಿಲ್ಲ. ಐರ್ಲೆಂಡಿನ ಹೊಲಗಳ ಎಲ್ಲೆಯಲ್ಲಿ ಮಣ್ಣಿನ ಎತ್ತರದ ಬದುಗಳೂ ಅವುಗಳ ಮಗ್ಗುಲಲ್ಲಿ ಕಾಲುವೆಗಳೂ ಇರುವುದುಂಟು. ಇಂಥ ಬದುವನ್ನು ಒಂದೇ ನೆಗೆತಕ್ಕೆ ದಾಟುವುದು ಸಾಧ್ಯವಿಲ್ಲ. ಕುದುರೆ ಮೊದಲು ಬದುವಿನ ನೆತ್ತಿಗೆ ಹಾರಿ, ಅಲ್ಲಿ ಕ್ಷಣಮಾತ್ರದಲ್ಲಿ ಕಾಲು ಬದಲಿಸಿ, ಆಚೆಗೆ ಇಳಿಯಬೇಕು. ಸವಾರನು ಲಗಾಮು ಜಗ್ಗದೆ ಸುಮ್ಮನಿದ್ದರೆ ಸಾಕು. ಉಳಿದುದನ್ನು ಕುದುರೆಯ ವಿವೇಕವೇ ನೋಡಿಕೊಳ್ಳುತ್ತದೆ. ಈ ತಳಿಯನ್ನು ಏರಿದವರು ಅದರ ವೇಗಕ್ಕಿಂತ ಹೆಚ್ಚಾಗಿ ಅದರ ಸಮಾಧಾನವನ್ನು ಹೊಗಳುವುದು ಇದಕ್ಕಾಗಿಯೇ.

ವೇಗವೂ ಬೇಕೆಂದವರು ಬೇರೊಂದು ದಾರಿ ಹಿಡಿದರು. ಐರಿಷ್ ಡ್ರಾಫ್ಟ್ ಹೆಣ್ಣುಕುದುರೆಗೆ ರೇಸಿನ ಥರೋಬ್ರೆಡ್ ಗಂಡನ್ನು ಕೂಡಿಸಿದಾಗ ಹುಟ್ಟುವ ಮರಿಗೆ ತಾಯಿಯ ಮೂಳೆ ಮತ್ತು ತಾಳ್ಮೆ, ತಂದೆಯ ಓಟ ಮತ್ತು ಉತ್ಸಾಹ ಒಟ್ಟಿಗೆ ಬರಬಹುದು. ಈ ಮಿಶ್ರತಳಿಯ ಕುದುರೆಗಳೇ ಬೇಟೆಯ ಮೈದಾನದಲ್ಲಿಯೂ ಅಡೆತಡೆ ಹಾರುವ ಪಂದ್ಯಗಳಲ್ಲಿಯೂ ಸೈನ್ಯ ಪೊಲೀಸ್ ದಳಗಳಲ್ಲಿಯೂ ಹೆಸರು ಗಳಿಸಿದವು. ಡಬ್ಲಿನ್ನಿನ ಅಶ್ವಪ್ರದರ್ಶನದಲ್ಲಿ ರಾಷ್ಟ್ರಗಳ ನಡುವೆ ನಡೆಯುವ ಹಾರುವ ಪಂದ್ಯದ ಪಾರಿತೋಷಕಕ್ಕೆ ಆಗಾ ಖಾನರ ಹೆಸರಿದೆ. 1926ರಲ್ಲಿ ಆ ಪಂದ್ಯ ಮೊದಲಾದಾಗ ಅದನ್ನು ನೀಡಿದವರು ಕರಾಚಿಯಲ್ಲಿ ಹುಟ್ಟಿದ ಮೂರನೆಯ ಆಗಾ ಖಾನರು.

ಈ ಮಿಶ್ರತಳಿಯ ಗಟ್ಟಿತನಕ್ಕೆ ಸೆಫ್ಟನ್ ಎಂಬ ಕುದುರೆ ಸಾಕ್ಷಿ. ಐರ್ಲೆಂಡಿನಲ್ಲಿ ಹುಟ್ಟಿ ಲಂಡನ್ನಿನ ಅರಮನೆಯ ಅಶ್ವದಳ ಸೇರಿದ್ದ ಇದು, 1982ರ ಜುಲೈ 20ರಂದು ಹೈಡ್ ಪಾರ್ಕಿನಲ್ಲಿ ಐರಿಷ್ ಉಗ್ರಗಾಮಿಗಳ ಬಾಂಬು ಸಿಡಿದಾಗ 34 ಗಾಯಗಳನ್ನುಂಡಿತು. ಆ ಸ್ಫೋಟದಿಂದ ನಾಲ್ವರು ಸೈನಿಕರೂ ಏಳು ಕುದುರೆಗಳೂ ಅಸುನೀಗಿದರು. ಆದರೆ ಸೆಫ್ಟನ್ ಬದುಕಿ, ಮರಳಿ ಸೇವೆಗೆ ಬಂದು, 1993ರವರೆಗೂ ಬಾಳಿತು.

ಇಂಥ ಕುದುರೆಯನ್ನು ಸಾಕುವುದು ಕಷ್ಟವೆ? ಶ್ರಮವುಂಟು, ಸಿರಿತನದ ಶ್ರಮವಲ್ಲ. ಸುಮಾರು ಆರುನೂರು ಕಿಲೋ ತೂಗುವ ಕುದುರೆಗೆ ದಿನಕ್ಕೆ ಒಂಬತ್ತು ಹತ್ತು ಕಿಲೋ ಒಣಹುಲ್ಲು ಬೇಕಾದೀತು. ಆರರಿಂದ ಎಂಟು ವಾರಗಳಿಗೊಮ್ಮೆ ಗೊರಸನ್ನು ಕತ್ತರಿಸಿ ಲಾಳವನ್ನು ನೋಡಿಸಬೇಕು. ಅಲ್ಪಾಹಾರದಲ್ಲೇ ಮೈ ತುಂಬಿಕೊಳ್ಳುವ ಗುಣವಿರುವುದರಿಂದ ಪ್ರೀತಿಗಾಗಿ ಅತಿಯಾಗಿ ತಿನ್ನಿಸುವ ಯಜಮಾನನೇ ಅದಕ್ಕೆ ಶತ್ರು. ಸೊಗಸಾದ ಹಸುರು ಹುಲ್ಲು ಮಿತಿಮೀರಿದರೆ ಗೊರಸಿನೊಳಗೆ ಉರಿಯೂತವೆದ್ದು ಕುದುರೆ ನಿಲ್ಲಲಾರದಂತಾಗುತ್ತದೆ. ಮೈ ಬಲಿಯುವುದೂ ನಿಧಾನ. ನಾಲ್ಕೈದು ವರ್ಷ ತುಂಬುವ ಮುನ್ನ ಕಠಿಣ ಕೆಲಸ ಸಲ್ಲದು.

ಆದರೆ ನಿಜವಾದ ಸಂಕಟ ಲಾಯದಲ್ಲಿಲ್ಲ, ತಳಿಯ ಲೆಕ್ಕದಲ್ಲಿದೆ. 1917ರಲ್ಲಿ ಐರ್ಲೆಂಡಿನಲ್ಲಿ ಈ ತಳಿಯ ವಂಶಾವಳಿಯ ಪುಸ್ತಕ ಆರಂಭವಾದಾಗ ಅದರಲ್ಲಿ ದಾಖಲಾದವು 375 ಹೆಣ್ಣು, 44 ಗಂಡು. ಮುಂದೆ ಟ್ರಾಕ್ಟರು ಬಂದಿತು. ನೇಗಿಲಿನಿಂದ ಬಿಡುಗಡೆ ಹೊಂದಿದ ಸಾವಿರಾರು ಕುದುರೆಗಳು ಕಸಾಯಿಖಾನೆಯ ಹಾದಿ ಹಿಡಿದವು. ಉಳಿದ ಹೆಣ್ಣುಕುದುರೆಗಳ ಮಿಶ್ರ ಮರಿಗಳಿಗೆ ಒಳ್ಳೆಯ ಬೆಲೆ ಬರುತ್ತದೆ. ಶುದ್ಧ ಮರಿಗೆ ಅಷ್ಟು ಬರುವುದಿಲ್ಲ. ಹೆಣ್ಣುಕುದುರೆ ಹನ್ನೊಂದು ತಿಂಗಳು ಗರ್ಭ ಹೊತ್ತು ಹೆರುವುದು ಸಾಮಾನ್ಯವಾಗಿ ಒಂದೇ ಮರಿಯನ್ನು. ಅಂದಮೇಲೆ ಮಿಶ್ರ ಮರಿ ಹುಟ್ಟಿದ ವರ್ಷ ಆ ತಾಯಿಯಿಂದ ಶುದ್ಧ ಮರಿ ಹುಟ್ಟಲಿಲ್ಲವೆಂದೇ ಅರ್ಥ. ಮಿಶ್ರತಳಿಯ ಕೀರ್ತಿಯೇ ಮೂಲತಳಿಗೆ ಕುತ್ತಾಯಿತು!

ಬಿತ್ತನೆಯ ಬೀಜವನ್ನು ಕುಟ್ಟಿ ಅಡುಗೆ ಮಾಡಿದರೆ ಈ ವರ್ಷದ ಊಟ ರುಚಿಯಾಗಿಯೇ ಇರುತ್ತದೆ. ಮುಂದಿನ ವರ್ಷ ಹೊಲ ಬರಿದಾಗಿರುತ್ತದೆ. ನಮ್ಮ ಹಳ್ಳಿಕಾರ್, ಅಮೃತಮಹಲ್ ರಾಸುಗಳನ್ನು ಬಲ್ಲವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಐರ್ಲೆಂಡಿನಲ್ಲಿ 1976ರಲ್ಲಿಯೂ ಬ್ರಿಟನ್ನಿನಲ್ಲಿ 1979ರಲ್ಲಿಯೂ ಈ ತಳಿಯ ರಕ್ಷಣೆಗೆಂದು ಸಂಘಗಳು ಸ್ಥಾಪಿತವಾದವು. ಆದರೆ ಸಂಘ ಪುಸ್ತಕವನ್ನು ಕಾಪಾಡಬಲ್ಲದು. ಕುದುರೆಯನ್ನು ಕಾಪಾಡಬೇಕಾದವನು ಅದನ್ನು ಕೊಂಡು ಏರುವವನೇ. ಶುದ್ಧತಳಿಯ ಹೆಣ್ಣುಕುದುರೆಗೆ ಜೀನು ಹಾಕಿ ಅದರ ಮೇಲೆ ಸಂತೋಷದಿಂದ ಸವಾರಿ ಹೋಗುವವರು ಇರುವವರೆಗೆ, ಮತ್ತು ನಾಲ್ಕು ಮರಿಗಳಲ್ಲಿ ಒಂದಾದರೂ ಅದರದೇ ಕುಲದ್ದಾಗಿರಲಿ ಎಂದು ಲಾಭವನ್ನು ತುಸು ಬಿಟ್ಟುಕೊಡುವ ರೈತನಿರುವವರೆಗೆ, ಹಾರುವ ಕುದುರೆಗೆ ಉಳುವ ತಾಯಿ ಇದ್ದೇ ಇರುತ್ತಾಳೆ.