ಮನೆವಾರ್ತೆ: ಸುಮ್ಮನಿದ್ದರೆ ನಿಲ್ಲದ ಚಂದಾ

ಕಳೆದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ನಮ್ಮ ಅತ್ತಿಗೆ ಹೊಸನಗರದಿಂದ ಸಾಗರಕ್ಕೆ ಬಂದಿದ್ದರು. ಬ್ಯಾಂಕಿಗೆ ಹೋಗಿ ಪಾಸ್‌ಬುಕ್ಕು ಬರೆಸಿಕೊಂಡು ಬಂದವರು, ಒದ್ದೆ ಕೊಡೆಯನ್ನು ಜಗುಲಿಯಲ್ಲಿಟ್ಟು ಒಳಗೆ ಕಾಲಿಟ್ಟಿದ್ದೇ ತಡ, "ನೋಡು ಮಾರಾಯ್ತಿ, ತಿಂಗಳು ತಿಂಗಳೂ 399 ರೂಪಾಯಿ ಯಾರೋ ತಿಂತಾ ಇದಾರೆ" ಎಂದರು.

ಕನ್ನಡಕ ಹಾಕಿಕೊಂಡು ಎಣಿಸಿದೆ. ಹದಿನಾಲ್ಕು ತಿಂಗಳು! ಒಟ್ಟು 5,586 ರೂಪಾಯಿ. ಅಡಿಕೆಯ ಹಣ ಅಣ್ಣನ ಖಾತೆಗೆ ಹೋಗುತ್ತದೆ. ಇದು ಅತ್ತಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ, ಮಾರಿ, ಕೂಡಿಟ್ಟ ಸ್ವಂತ ದುಡ್ಡು.

ಹಣಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಖಾತೆಯಲ್ಲಿ ದುಡ್ಡು ಲೆಕ್ಕಕ್ಕಿಂತ ಕಡಿಮೆ ಇದೆ ಎಂದು ಅವರಿಗೆ ಮೊದಲೇ ಗೊತ್ತಾಗಿತ್ತು. ಶಿವಮೊಗ್ಗದಲ್ಲಿ ಕಾಲೇಜು ಓದುವ ಮಗ ಊರಿಗೆ ಬಂದಾಗಲೆಲ್ಲ ಅಮ್ಮನ ಮೊಬೈಲು ಹಿಡಿದು ಕೂರುತ್ತಾನಲ್ಲ, ಅವನ ಮೇಲೆ ಅನುಮಾನ ಬಂತು. ಕೇಳಿಯೂ ಬಿಟ್ಟರಂತೆ. ಅವನು ಏನೂ ಹೇಳದೆ ಫೋನಿಟ್ಟನಂತೆ. ಹದಿನೈದು ದಿನದಿಂದ ತಾಯಿ ಮಗನಿಗೆ ಮಾತಿಲ್ಲ.

ಇಬ್ಬರೂ ಮೊಬೈಲು ಹಿಡಿದು ಹಳೆಯ ಮೆಸೇಜುಗಳನ್ನೆಲ್ಲ ಓದಿದೆವು. ಸಿಕ್ಕಿತು! ಉಪ್ಪಿನಕಾಯಿ ಬಾಟಲಿಗೆ ಚೀಟಿ ತಯಾರಿಸಲು ಒಂದು ತಂತ್ರಾಂಶ ಹಾಕಿಕೊಂಡಿದ್ದರು. "ಏಳು ದಿನ ಉಚಿತ" ಎಂದಿತ್ತು. ಚೀಟಿ ಚೆಂದವಾಗಿಯೇ ಆಯಿತು, ಸಾಗರದ ಪ್ರೆಸ್ಸಿನಲ್ಲಿ ಸಾವಿರ ಪ್ರತಿ ಅಚ್ಚೂ ಆಯಿತು. ಕೆಲಸ ಮುಗಿಯಿತೆಂದು ಆಪ್ ಅಳಿಸಿದರು. ಎಂಟನೆಯ ದಿನದಿಂದ ಹಣ ಹೋಗಲು ಶುರು.

"ಅಳಿಸಿ ಹಾಕಿದ್ದೆನಲ್ಲೇ!" ಎಂದು ಅತ್ತಿಗೆಗೆ ಆಶ್ಚರ್ಯ. ಸೋದರಿಯರೇ, ನಮ್ಮಲ್ಲಿ ಬಹಳ ಜನ ಎಡವುವುದು ಇಲ್ಲಿಯೇ. ಅಂಗಡಿಗೆ ಹೋಗುವುದನ್ನು ಬಿಟ್ಟ ಮಾತ್ರಕ್ಕೆ ಉದ್ರಿ ಲೆಕ್ಕ ಚುಕ್ತಾ ಆಗುತ್ತದೆಯೇ? ಆಪ್ ಅಳಿಸುವುದೂ ಹಾಗೆಯೇ. ಹಣ ಕೊಡಲು ನಾವು ಕೊಟ್ಟ ಒಪ್ಪಿಗೆ ಬೇರೆ ಕಡೆ ಹಾಗೇ ಇರುತ್ತದೆ.

ನಮ್ಮ ತಾಯಂದಿರ ಕಾಲದಲ್ಲಿ ಪತ್ರಿಕೆಯ ಚಂದಾ ಮುಗಿದರೆ ಮನಿಯಾರ್ಡರ್ ಮಾಡಬೇಕಿತ್ತು. ಮಾಡದಿದ್ದರೆ ಪತ್ರಿಕೆ ತಾನಾಗಿ ನಿಲ್ಲುತ್ತಿತ್ತು. ಈಗ ತಿರುವುಮುರುವು. ಸುಮ್ಮನಿದ್ದರೆ ಚಂದಾ ಮುಂದುವರಿಯುತ್ತದೆ. ನಿಲ್ಲಬೇಕಾದರೆ ಬಾಯಿಬಿಟ್ಟು "ಬೇಡ" ಅನ್ನಬೇಕು. 2020ರಲ್ಲಿ ಯುಪಿಐಗೂ ಆಟೋಪೇ ಬಂದ ಮೇಲೆ, ಒಂದು ಸಲ ಪಿನ್ ಒತ್ತಿದರೆ ಸಾಕು, ತಿಂಗಳು ತಿಂಗಳೂ ಹಣ ತಾನೇ ಹೋಗುತ್ತದೆ.

ಹಾಗಾದರೆ ನಿಲ್ಲಿಸುವುದು ಹೇಗೆ? ಅಂದು ನಾವು ಮಾಡಿದ ಕ್ರಮವನ್ನೇ ಬರೆಯುತ್ತೇನೆ, ಕತ್ತರಿಸಿ ಇಟ್ಟುಕೊಳ್ಳಿ.

ಮೊದಲು, ಆ ತಂತ್ರಾಂಶದಲ್ಲಿ ಮಾಡಿಟ್ಟ ಚಿತ್ರ, ಲೆಕ್ಕ ಬೇಕಾಗಿದ್ದರೆ ಮೊಬೈಲಿಗೆ ಇಳಿಸಿಕೊಳ್ಳಿ.

ಎರಡನೆಯದು, ಪ್ಲೇ ಸ್ಟೋರ್ ತೆರೆದು ಮೇಲ್ಗಡೆ ಬಲಕ್ಕಿರುವ ನಿಮ್ಮ ಚಿತ್ರ ಅಥವಾ ಹೆಸರಿನ ಅಕ್ಷರ ಒತ್ತಿ. 'ಪೇಮೆಂಟ್ಸ್ ಅಂಡ್ ಸಬ್‌ಸ್ಕ್ರಿಪ್ಷನ್ಸ್', ಅದರೊಳಗೆ 'ಸಬ್‌ಸ್ಕ್ರಿಪ್ಷನ್ಸ್'. ಬೇಡವಾದದ್ದನ್ನು ಆರಿಸಿ 'ಕ್ಯಾನ್ಸಲ್' ಒತ್ತಿ. ಮೊಬೈಲಿನಲ್ಲಿ ಇಬ್ಬರ ಇ-ಮೇಲ್ ಇದ್ದರೆ ಎರಡರಲ್ಲೂ ನೋಡಬೇಕು. ಅತ್ತಿಗೆಯ ಪಟ್ಟಿಯಲ್ಲಿ ಮೊದಲು ಏನೂ ಕಾಣಲಿಲ್ಲ. ಮಗನ ಇ-ಮೇಲ್‌ಗೆ ಬದಲಿಸಿದ ಮೇಲೆ ಕಂಡಿತು. ಐಫೋನ್ ಆದರೆ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹೆಸರು ಒತ್ತಿದರೆ 'ಸಬ್‌ಸ್ಕ್ರಿಪ್ಷನ್ಸ್' ಸಿಗುತ್ತದೆ. ಕಂಪನಿಯ ಜಾಲತಾಣದಲ್ಲೇ ಹಣ ಕಟ್ಟಿದ್ದರೆ ಅಲ್ಲಿಯೇ ಹೋಗಿ ರದ್ದು ಮಾಡಬೇಕು.

ಮೂರನೆಯದು, ನೀವು ಹಣ ಕಳಿಸುವ ಯುಪಿಐ ಆಪ್‌ನಲ್ಲಿ 'ಆಟೋಪೇ' ಅಥವಾ 'ಮ್ಯಾಂಡೇಟ್' ಎಂಬ ಪಟ್ಟಿ ಹುಡುಕಿ. ಹಳೆಯ ಒಪ್ಪಿಗೆ ಇನ್ನೂ ಜೀವಂತವಾಗಿದ್ದರೆ ಅಲ್ಲೂ ರದ್ದು ಮಾಡಿ. ರದ್ದಾಯಿತೆಂಬ ಸಂದೇಶದ ಚಿತ್ರ ತೆಗೆದಿಟ್ಟುಕೊಳ್ಳಿ, ಮುಂದಿನ ತಿಂಗಳು ಪಾಸ್‌ಬುಕ್ಕು ನೋಡಿ.

ರದ್ದು ಮಾಡುವಾಗ "ನಿಜವಾಗಿಯೂ ಬೇಡವೇ? ಅರ್ಧ ಬೆಲೆಗೆ ಕೊಡುತ್ತೇವೆ" ಎಂದು ಮತ್ತೆ ಮತ್ತೆ ಕೇಳಬಹುದು. ದಾಕ್ಷಿಣ್ಯ ಬೇಡ. ಕೇಳುತ್ತಿರುವುದು ಯಂತ್ರ, ಅದಕ್ಕೇನೂ ಬೇಜಾರಾಗುವುದಿಲ್ಲ! ನಿಲ್ಲಿಸುವ ದಾರಿಯನ್ನು ಬೇಕೆಂದೇ ಅಡಗಿಸಿಡುವುದು ತಪ್ಪೆಂದು ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೇ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಹೇಳಿದೆ. ಅದರಲ್ಲಿ ಪಟ್ಟಿ ಮಾಡಿದ 13 ಬಗೆಯ ಮೋಸಗಳಲ್ಲಿ ಚಂದಾ ಬಲೆಯೂ ಒಂದು. ಕಂಪನಿ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಇನ್ನೊಂದು ಮಾತು. ಹೀಗೆ ತಾನಾಗಿ ಹೋಗುವ ಹಣಕ್ಕೆ 24 ಗಂಟೆ ಮೊದಲೇ ತಿಳಿಸಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್ 1ರಿಂದ ಪೂರ್ತಿ ಜಾರಿಗೆ ಬಂತು. ಅತ್ತಿಗೆಗೂ ಮೆಸೇಜು ಬಂದಿತ್ತು. ಇಂಗ್ಲಿಷಿನಲ್ಲಿದೆ, ಯಾವುದೋ ಜಾಹೀರಾತು ಎಂದು ಓದದೆ ಬಿಟ್ಟಿದ್ದರು. ಆದ್ದರಿಂದ 'ಆಟೋಪೇ', 'ಮ್ಯಾಂಡೇಟ್' ಎಂಬ ಎರಡು ಪದಗಳ ಗುರುತು ಹಿಡಿಯುವುದನ್ನು ಕಲಿತುಕೊಳ್ಳಿ. ಆ ಪದ ಕಂಡ ಮೆಸೇಜನ್ನು ಯಾರ ಹತ್ತಿರವಾದರೂ ಓದಿಸಿ.

ಆದರೆ ಸಿಟ್ಟಿನಲ್ಲಿ ಎಲ್ಲವನ್ನೂ ನಿಲ್ಲಿಸಬೇಡಿ. ಪಾಸ್‌ಬುಕ್ಕಿನಲ್ಲಿ ವರ್ಷಕ್ಕೊಮ್ಮೆ 436 ರೂಪಾಯಿ, 20 ರೂಪಾಯಿ ಹೋಗಿದ್ದು ಕಂಡರೆ, ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ಮತ್ತು ಸುರಕ್ಷಾ ವಿಮೆಯ ಕಂತು ಇರಬಹುದು. ಬ್ಯಾಂಕಿನಲ್ಲಿ ವಿಚಾರಿಸಿ. ಅದು ಮನೆಗೆ ಬೇಕಾದದ್ದು. ಹಾಗೆಯೇ ಅಂತರ್ಜಾಲದಲ್ಲಿ ಸಿಕ್ಕಿದ ಯಾವುದೋ ನಂಬರಿಗೆ ಫೋನ್ ಮಾಡಿ "ರದ್ದು ಮಾಡಿಕೊಡಿ" ಅನ್ನಬೇಡಿ. ಪಿನ್, ಓಟಿಪಿ ಯಾರಿಗೂ ಹೇಳುವಂತಿಲ್ಲ. ಮೋಸ ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ಫೋನ್ ಮಾಡಿ.

ತೀರ್ಥಹಳ್ಳಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ನನ್ನ ಗೆಳತಿಯ ಉಪಾಯ ನನಗೆ ಬಹಳ ಹಿಡಿಸಿತು. ರವಿಕೆಯ ವಿನ್ಯಾಸಕ್ಕೆಂದು ಆಕೆಯೂ ಇಂಥದ್ದೇ ಚಂದಾ ಕಟ್ಟುತ್ತಾಳೆ. "ಉಚಿತ" ಎಂದು ಒತ್ತಿದ ದಿನವೇ ಅಡಿಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕ, ಮುಗಿಯುವುದಕ್ಕೆ ಎರಡು ದಿನ ಮೊದಲಿನ ತಾರೀಖಿಗೆ ಕೆಂಪು ಗುಂಡು ಹಾಕುತ್ತಾಳೆ. ಆ ದಿನ ಬಂದಾಗ ಒಂದೇ ಪ್ರಶ್ನೆ: ಕಳೆದ ತಿಂಗಳು ಇದನ್ನು ಎಷ್ಟು ಸಲ ಬಳಸಿದೆ?

ಅತ್ತಿಗೆಯ ಹೋದ ಹಣ ವಾಪಸು ಬರಲಿಲ್ಲ. ಆದರೆ ಅಂದೇ ಸಂಜೆ ನಮ್ಮ ಜಗುಲಿಯಲ್ಲಿ ಕೂತು ಮಗನಿಗೆ ಫೋನ್ ಮಾಡಿದರು. "ತಪ್ಪಾಯ್ತು ಕಣೋ, ನಿನ್ನ ಮೇಲೆ ಅನುಮಾನ ಮಾಡಿದೆ" ಎಂದರು. ಅವನು, "ಹಾಕಿಕೊಟ್ಟವನು ನಾನೇ ಅಲ್ವಾ ಅಮ್ಮ, ನಿಲ್ಲಿಸೋದನ್ನೂ ನಾನೇ ಹೇಳಿಕೊಡಬೇಕಿತ್ತು" ಎಂದನಂತೆ.

ಮಕ್ಕಳೇ, ನಿಮಗೂ ಇದೇ ಮಾತು. ಅಮ್ಮನ ಮೊಬೈಲಿಗೆ ಏನನ್ನಾದರೂ ಹಾಕಿಕೊಟ್ಟರೆ ತೆಗೆಯುವುದನ್ನೂ ಕಲಿಸಿ. ಸೋದರಿಯರೇ, ಈ ವಾರ ಬಿಡುವಾದಾಗ ಒಮ್ಮೆ ಪಾಸ್‌ಬುಕ್ಕು ಬರೆಸಿಕೊಂಡು ಬನ್ನಿ. ಗೊತ್ತಿಲ್ಲದ ಖರ್ಚು ಕಂಡರೆ ಮನೆಯವರ ಮುಖ ನೋಡುವ ಮೊದಲು ಆ ಪಟ್ಟಿ ನೋಡಿ.