ಚಾರ್ಟರ್ ಶಾಲೆ: ಆಯ್ಕೆಯ ಹೆಸರಲ್ಲಿ ಬಣ್ಣದ ಗೋಡೆ?

ಅಮೆರಿಕದಲ್ಲಿ ಚಾರ್ಟರ್ ಶಾಲೆಗಳಿಗೆ ಮೊದಲು ಕಾನೂನಿನ ಬಾಗಿಲು ತೆರೆದದ್ದು ಮಿನ್ನೆಸೋಟ ರಾಜ್ಯ, 1991ರಲ್ಲಿ. ಹಣ ಸರ್ಕಾರದ್ದು, ಆಡಳಿತ ಸ್ವತಂತ್ರ ಮಂಡಳಿಯದು, ಶುಲ್ಕವಿಲ್ಲ. ಅರ್ಜಿಗಳು ಹೆಚ್ಚಾದರೆ ಲಾಟರಿ. ಲಾಟರಿಗೆ ಬಣ್ಣದ ಭೇದವಿಲ್ಲ, ನಿಜ. ಆದರೆ ಅರ್ಜಿಯ ಸುದ್ದಿ ತಿಳಿಯುವ, ಮಗುವನ್ನು ದೂರದ ಶಾಲೆಗೆ ಕರೆದೊಯ್ಯುವ ಅನುಕೂಲ ಎಲ್ಲ ಮನೆಗಳಲ್ಲೂ ಒಂದೇ ತೆರನಾಗಿಲ್ಲ.

ವರ್ಣ ಪ್ರತ್ಯೇಕತೆ ನಿವಾರಣೆಯ ನಿಯಮಗಳಿಂದಲೂ ಆ ರಾಜ್ಯ ಚಾರ್ಟರ್ ಶಾಲೆಗಳಿಗೆ ವಿನಾಯಿತಿ ನೀಡಿತು. ಮಿನಿಯಾಪೊಲಿಸ್, ಸೇಂಟ್ ಪಾಲ್ ನಗರಗಳಲ್ಲಿ ಬಹುತೇಕ ಒಂದೇ ಜನಾಂಗದ ಮಕ್ಕಳಿರುವ ಶಾಲೆಗಳು ಬೆಳೆದವು. 1954ರ ಬ್ರೌನ್ ತೀರ್ಪು ಅಸಾಂವಿಧಾನಿಕವೆಂದು ಸಾರಿದ ಪ್ರತ್ಯೇಕತೆ ಹಿಂಬಾಗಿಲಿನಿಂದ ಮರಳಿತೇ? 2015ರಲ್ಲಿ ಕೆಲ ಪೋಷಕರು ರಾಜ್ಯದ ವಿರುದ್ಧವೇ ನ್ಯಾಯಾಲಯದ ಮೆಟ್ಟಿಲೇರಿದರು.

ತೊಡಕಿರುವುದು ಇಲ್ಲಿಯೇ. ಸೊಮಾಲಿ, ಮೋಂಗ್ ವಲಸಿಗ ಕುಟುಂಬಗಳು ತಮ್ಮ ಭಾಷೆ, ಸಂಸ್ಕೃತಿಗೆ ಮನ್ನಣೆ ನೀಡುವ ಶಾಲೆಗಳನ್ನು ತಾವಾಗಿಯೇ ಅರಸಿ ಹೋಗುತ್ತವೆ. ಅದನ್ನು ಹಿಂದಿನ ಬಲವಂತದ ಪ್ರತ್ಯೇಕತೆಯೊಂದಿಗೆ ಸಮೀಕರಿಸುವುದು ಅನ್ಯಾಯವೇ ಸರಿ. ಚಾರ್ಟರ್ ಶಾಲೆಗಳೂ ಪ್ರಕರಣದಲ್ಲಿ ಮಧ್ಯಪ್ರವೇಶಿಸಿದವು.

2023ರ ಡಿಸೆಂಬರ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್, ಜನಾಂಗೀಯ ಅಸಮತೋಲನವೊಂದೇ ಸಂವಿಧಾನದ ಉಲ್ಲಂಘನೆಯಾಗದು, ಶಿಕ್ಷಣ ಕಳಪೆಯಾಗಲು ಅದು ಪ್ರಮುಖ ಕಾರಣವೆಂದು ತೋರಿಸಬೇಕು ಎಂದಿತು. ಆ ಹೊಣೆಯನ್ನು ಪೋಷಕರ ಹೆಗಲಿಗೇರಿಸಿ ಪ್ರಕರಣವನ್ನು ಕೆಳ ನ್ಯಾಯಾಲಯಕ್ಕೆ ಮರಳಿಸಿತು.