ಮಾಂಸ ಬಿಡುವುದು ಬೇರೆ, ಬಿಡಿಸುವುದು ಬೇರೆ

"ಉಸ್ತಾದ್, ಮಾಂಸ ತಿಂದರೆ ಭೂಮಿ ಬಿಸಿಯಾಗುತ್ತದಂತೆ, ಹೌದಾ?"

ರಾಮನಗರದ ಮದ್ರಸದಲ್ಲಿ ಐದನೇ ತರಗತಿಯ ಹುಡುಗನೊಬ್ಬ ಕೇಳಿದ ಪ್ರಶ್ನೆ ಇದು. ಅವನ ಕೈಯಲ್ಲಿ ಶಾಲೆಯ ಪರಿಸರ ಪ್ರಾಜೆಕ್ಟಿನ ಚಾರ್ಟ್ ಇತ್ತು. ನಾವು ಬಾಯಿ ತೆರೆಯುವ ಮೊದಲೇ ಪಕ್ಕದವನು, "ಅದೆಲ್ಲ ನಮ್ಮ ಕೈಯಲ್ಲಿ ಮಾಂಸ ಬಿಡಿಸ್ಲಿಕ್ಕೆ ಹೇಳುವುದು ಮಾರಾಯ" ಎಂದುಬಿಟ್ಟ. ಈ ಎರಡೂ ಮಾತು ಇವತ್ತು ನಮ್ಮ ಮನೆಗಳಲ್ಲಿ ಕೇಳಿಬರುವಂಥದ್ದೇ. ಆದ್ದರಿಂದ ಸಿಟ್ಟೂ ಇಲ್ಲದೆ, ಹೆದರಿಕೆಯೂ ಇಲ್ಲದೆ ಒಮ್ಮೆ ಲೆಕ್ಕ ನೋಡೋಣ.

ಮೊದಲನೇ ಹುಡುಗ ಹೇಳಿದ್ದು ಸುಳ್ಳಲ್ಲ. ದನ, ಎಮ್ಮೆ, ಆಡು, ಕುರಿ ಮೆಲುಕು ಹಾಕುವಾಗ ಹೊಟ್ಟೆಯಲ್ಲಿ ಮೀಥೇನ್ ಅನಿಲ ಹುಟ್ಟುತ್ತದೆ. ಮನುಷ್ಯನಿಂದಾಗಿ ಭೂಮಿಯನ್ನು ಬಿಸಿ ಮಾಡುವ ಅನಿಲಗಳಲ್ಲಿ ಶೇ. 14.5ರಷ್ಟು ಜಾನುವಾರು ಸಾಕಣೆಯಿಂದ ಬರುತ್ತದೆ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಹೇಳಿತ್ತು. 2023ರಲ್ಲಿ ಅದೇ ಸಂಸ್ಥೆ ಸುಮಾರು ಶೇ. 12 ಎಂದು ಅಂದಾಜಿಸಿದೆ. ಒಂದು ಕಿಲೋ ದನದ ಮಾಂಸದ ಹಿಂದೆ ಸರಾಸರಿ 15,000 ಲೀಟರಿಗೂ ಹೆಚ್ಚು ನೀರು, ಕೋಳಿಗೆ ಸುಮಾರು 4,300, ಅಕ್ಕಿಗೆ ಸುಮಾರು 2,500 ಲೀಟರ್ ಎಂಬ ಜಾಗತಿಕ ಲೆಕ್ಕವೂ ಇದೆ. ಅದರಲ್ಲಿ ಹೆಚ್ಚಿನ ಪಾಲು ಹುಲ್ಲು, ಮೇವು ಬೆಳೆಸುವ ಮಳೆನೀರು ಎಂಬುದನ್ನೂ ಹೇಳಬೇಕು.

ಆದರೆ ಈ ಲೆಕ್ಕದಲ್ಲಿ ಎಲ್ಲರ ಪಾಲು ಒಂದೇ ಅಲ್ಲ. ಅಮೆರಿಕದಲ್ಲಿ ಒಬ್ಬರಿಗೆ ವರ್ಷಕ್ಕೆ 100 ಕಿಲೋಗೂ ಹೆಚ್ಚು ಮಾಂಸ ಬೇಕು. ಭಾರತದ ಸರಾಸರಿ ಅದರ ಹತ್ತನೇ ಒಂದು ಪಾಲೂ ಇಲ್ಲ. ನಮ್ಮ ದೇಶದ ಜಾನುವಾರುಗಳ ಮೀಥೇನಿನಲ್ಲಿ ದೊಡ್ಡ ಪಾಲು ಹಾಲಿಗಾಗಿ ಸಾಕುವ ದನ ಎಮ್ಮೆಗಳದ್ದು. ಅಂದರೆ ಬಿರಿಯಾನಿಯನ್ನು ಮಾತ್ರ ಕಟಕಟೆಯಲ್ಲಿ ನಿಲ್ಲಿಸಿ, ತುಪ್ಪ, ಪನೀರು, ಐಸ್‌ಕ್ರೀಮನ್ನು ಸಾಕ್ಷಿಯ ಜಾಗದಲ್ಲಿ ಕೂರಿಸುವುದು ನ್ಯಾಯವಲ್ಲ.

ಇನ್ನು ಈ ನೆಲದ ವಿಚಾರ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಸೀಮೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರು ಬದಲಾಯಿತು, ಊಟ ಬದಲಾಗಲಿಲ್ಲ. ಕರಾವಳಿಯಿಂದ ಬಂದ ನಮಗೆ ಇಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಅದೇ. ಮಾಂಸ ಎಂದರೆ ಮುಸ್ಲಿಮರ ಊಟ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಮುದ್ದೆ, ನಾಟಿ ಕೋಳಿ ಸಾರು, ಹಬ್ಬದ ಮರುದಿನದ ಬಾಡೂಟ, ಇದೆಲ್ಲ ಗೌಡರ ಮನೆಯಲ್ಲೂ ಉಂಟು, ದಲಿತರ ಕೇರಿಯಲ್ಲೂ ಉಂಟು. 2024ರ ಡಿಸೆಂಬರಿನಲ್ಲಿ ಪಕ್ಕದ ಮಂಡ್ಯದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಬಾಡೂಟ ಬೇಕೆಂದು ದನಿ ಎತ್ತಿದವರು ಈ ಮಣ್ಣಿನ ಮಕ್ಕಳೇ. ರೇಷ್ಮೆ ಫಿಲೇಚರುಗಳಲ್ಲಿ ದಿನವಿಡೀ ಬಿಸಿನೀರಿನ ಹಬೆಯಲ್ಲಿ ನಿಂತು ನೂಲು ತೆಗೆಯುವವನು ವಾರಕ್ಕೊಮ್ಮೆ ಅರ್ಧ ಕಿಲೋ ತಂದು ಆರು ಜನರಿಗೆ ಹಂಚಿದರೆ, ಅವನಿಗೆ ಪರಿಸರದ ಪಾಠ ಹೇಳಲು ನಮಗಂತೂ ಬಾಯಿ ಬರುವುದಿಲ್ಲ.

ಇಲ್ಲಿಯ ಪರಿಸರಕ್ಕೆ ನಿಜವಾಗಿ ಗಾಯ ಆದದ್ದೆಲ್ಲಿ? ಬಿಡದಿ ಬಳಿಯ ಬೈರಮಂಗಲ ಕೆರೆಯನ್ನು ಒಮ್ಮೆ ನೋಡಿ ಬನ್ನಿ. ಬೆಂಗಳೂರಿನ ಕೊಳಚೆ, ಕಾರ್ಖಾನೆಗಳ ನೀರು ಹೊತ್ತು ತರುವ ವೃಷಭಾವತಿ ಅಲ್ಲಿ ನೊರೆ ಕಾರುತ್ತದೆ. ಅದೇ ನೀರು ಮುಂದೆ ಅರ್ಕಾವತಿ ಸೇರಿ ಕನಕಪುರದ ಕಡೆ ಹೋಗುತ್ತದೆ. ಈ ಕೊಳಚೆಯ ಹೊಣೆಯನ್ನು ಯಾರ ಸಾರಿನ ಪಾತ್ರೆಯ ಮೇಲೂ ಹೊರಿಸಲಾಗದು.

ಇನ್ನೊಂದು ಉದಾಹರಣೆ ರಾಮದೇವರ ಬೆಟ್ಟ. 2012ರಲ್ಲಿ ಅದನ್ನು ರಣಹದ್ದು ಧಾಮವೆಂದು ಘೋಷಿಸಿದರು. ದೇಶದಲ್ಲಿ ಮುಖ್ಯ ಜಾತಿಯ ರಣಹದ್ದುಗಳು ಶೇ. 95ಕ್ಕೂ ಹೆಚ್ಚು ನಾಶವಾದದ್ದು ದನಕ್ಕೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವಿನ ಔಷಧದಿಂದ. ಸತ್ತ ದನವನ್ನು ತಿಂದ ಹದ್ದುಗಳ ಮೂತ್ರಪಿಂಡ ಕೆಟ್ಟು ಅವು ಸತ್ತವು. 2006ರಲ್ಲಿ ಜಾನುವಾರುಗಳಿಗೆ ಆ ಔಷಧ ನಿಷೇಧಿಸಲಾಯಿತು. ಹದ್ದು ಉಳಿಯಬೇಕಾದರೆ ದನ ಸಾಕುವವನ ಕೈಯ ಔಷಧ ಬದಲಾಗಬೇಕಿತ್ತು. ಪರಿಸರ ಎಂದರೆ ಹೀಗೆ, ಒಂದೇ ಘೋಷಣೆಯಲ್ಲಿ ಮುಗಿಯುವ ವಿಷಯವಲ್ಲ.

ಈಗ ಎರಡನೇ ಹುಡುಗನ ಮಾತಿಗೆ ಬರೋಣ. ಅವನ ಅನುಮಾನವೂ ಸುಮ್ಮನೆ ಹುಟ್ಟಿದ್ದಲ್ಲ. 2021ರಲ್ಲಿ ಜಾರಿಗೆ ಬಂದ ರಾಜ್ಯದ ಗೋಹತ್ಯೆ ನಿಷೇಧ ಕಾನೂನಿನಲ್ಲಿ 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟು ಉಳಿದೆಲ್ಲ ಜಾನುವಾರು ವಧೆ ಅಪರಾಧ. ಶಿಕ್ಷೆ 3ರಿಂದ 7 ವರ್ಷ. 2023ರ ಏಪ್ರಿಲ್ 1ರಂದು ಕನಕಪುರ ತಾಲೂಕಿನ ಸಾತನೂರಿನಲ್ಲಿ ಜಾನುವಾರು ಸಾಗಿಸುತ್ತಿದ್ದ ಮಂಡ್ಯದ ಒಬ್ಬರು ಹೆಣವಾಗಿ ಸಿಕ್ಕಿದ್ದನ್ನು ಈ ಭಾಗದ ಯಾವ ಮುಸ್ಲಿಂ ಮನೆಯೂ ಮರೆತಿಲ್ಲ. ಅತ್ತ ರೈತನ ಕಷ್ಟವೂ ಕಡಿಮೆಯಲ್ಲ. ಹಾಲು ಬತ್ತಿದ ದನ, ಗಂಡು ಕರು ಮಾರಲಾಗದೆ ಹಟ್ಟಿಯಲ್ಲೇ ಕಟ್ಟಿಕೊಂಡರೆ ಅವಕ್ಕೂ ಮೇವು ಬೇಕು, ನೀರು ಬೇಕು, ಅವೂ ಮೀಥೇನ್ ಬಿಡುತ್ತವೆ. ಪರಿಸರದ ಹೆಸರು ಹೇಳಿ ಈ ಕಾನೂನನ್ನು ಸಮರ್ಥಿಸುವವರು ಈ ಲೆಕ್ಕವನ್ನೂ ಹಾಕಬೇಕು.

ಹಾಗಾಗಿ ನಾವು ಹುಡುಗರಿಗೆ ಹೇಳಿದ್ದು ಇಷ್ಟೆ: ತಾನಾಗಿ ಬಿಡುವುದು ಬೇರೆ, ಹೆದರಿಸಿ ಬಿಡಿಸುವುದು ಬೇರೆ. ಮೊದಲನೆಯದು ಸಂಯಮ, ಎರಡನೆಯದು ದಬ್ಬಾಳಿಕೆ. ದಬ್ಬಾಳಿಕೆಯನ್ನು ವಿರೋಧಿಸುತ್ತೇವೆ ಎಂದು ಸಂಯಮವನ್ನೂ ಬಿಟ್ಟರೆ ನಷ್ಟ ನಮಗೇ.

ಏಕೆಂದರೆ ನಮ್ಮ ಮನೆಯ ಲೆಕ್ಕವೂ ಚೊಕ್ಕವಾಗಿಲ್ಲ. ಮೊನ್ನೆ ಊರಿನ ಮದುವೆಯೊಂದಕ್ಕೆ ಹೋಗಿದ್ದೆವು. ನೈಚೋರು, ಬಿರಿಯಾನಿ, ಮಟನ್, ಕೋಳಿಯಲ್ಲಿ ಮೂರು ಬಗೆ, ಮೇಲೆ ಮೀನು. ಊಟ ಮುಗಿದಾಗ ಹಾಲ್‌ನ ಹಿಂಬದಿಯಲ್ಲಿ ಡ್ರಮ್ಮುಗಳ ಸಾಲು, ಒಳಗೆ ಮುಟ್ಟದ ಮಾಂಸದ ತುಂಡುಗಳು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯಂತೆ 2022ರಲ್ಲಿ ಜಗತ್ತು ಎಸೆದ ಆಹಾರ 105 ಕೋಟಿ ಟನ್. ಭೂಮಿ ಬಿಸಿ ಮಾಡುವ ಅನಿಲಗಳಲ್ಲಿ ಶೇ. 8ರಿಂದ 10 ಹೀಗೆ ಹಾಳಾಗುವ ಆಹಾರದ್ದು. ಜಾನುವಾರುಗಳ ಶೇ. 12ಕ್ಕೆ ಇದು ಹತ್ತಿರ ಹತ್ತಿರ. ಎಸೆದದ್ದು ಮಾಂಸವಾದರೆ ತಪ್ಪು ಎರಡು ಪಟ್ಟು. ಆ ಪ್ರಾಣಿಯ ಜೀವವೂ ವ್ಯರ್ಥ, ಅದು ಉಂಡ ನೀರು, ಮೇವೂ ವ್ಯರ್ಥ. ಇಸ್ರಾಫ್ ಹರಾಮ್ ಎಂದು ಮದ್ರಸದಲ್ಲಿ ಮಕ್ಕಳಿಗೆ ಕಲಿಸುವ ನಾವೇ ಆ ಸಾಲಿನಲ್ಲಿ ಕೂತು ಉಂಡು ಬಂದೆವು, ಒಂದು ಮಾತೂ ಆಡಲಿಲ್ಲ.

ಮಾಂಸ ತಿನ್ನುವುದು ದೀನಿನಲ್ಲಿ ಅನುಮತಿ, ಕಡ್ಡಾಯವಲ್ಲ. ದಿನಾ ತಿನ್ನಬೇಕೆಂದು ಯಾರೂ ಹೇಳಿಲ್ಲ. ನಮ್ಮ ಅಜ್ಜಿಯರ ಅಡುಗೆಮನೆಯಲ್ಲಿ ಗಂಜಿ, ಹುರುಳಿ, ಬೂತಾಯಿ ದಿನನಿತ್ಯದ್ದು, ಮಾಂಸ ಹಬ್ಬದ್ದು, ನೆಂಟರದ್ದು. ಅದೇ ಒಳ್ಳೆಯ ಪರಿಸರವಾದ. ಅದಕ್ಕೆ ಮರಳಲು ಯಾರ ಅಪ್ಪಣೆಯೂ ಬೇಡ.

ಜಮಾಅತ್‌ಗಳು ಮನಸ್ಸು ಮಾಡಿದರೆ ಮದುವೆಯಲ್ಲಿ ಮಾಂಸದ ಬಗೆ ಒಂದೋ ಎರಡೋ ಸಾಕು ಎಂದು ತೀರ್ಮಾನಿಸಬಹುದು. ಕೇಳಿದವರಿಗೆ ಮಾತ್ರ ಎರಡನೇ ಸಲ ಬಡಿಸಬಹುದು. ಉಳಿದದ್ದನ್ನು ಅದೇ ಸಂಜೆ ಹಸಿದವರಿಗೆ ಮುಟ್ಟಿಸಬಹುದು. ಬಕ್ರೀದ್‌ನಲ್ಲಿ ಫ್ರಿಜ್ ತುಂಬುವ ಬದಲು ಬಡವರ ಪಾಲು ಹೆಚ್ಚಿಸಬಹುದು. ಕೋಳಿ ಅಂಗಡಿಯ ತ್ಯಾಜ್ಯ ತೋಡಿಗೆ ಬೀಳದಂತೆ ನೋಡಿಕೊಳ್ಳಬಹುದು. ಮನೆಯಲ್ಲಿ ವಾರಕ್ಕೆ ಎರಡು ದಿನ ಕಡಿಮೆ ಮಾಡಿದರೆ ಯಾರೂ ಸೊರಗುವುದಿಲ್ಲ, ತಿಂಗಳ ಖರ್ಚೂ ಉಳಿಯುತ್ತದೆ.

ಆ ಹುಡುಗನ ಚಾರ್ಟ್‌ನಲ್ಲಿ ಕೊನೆಗೆ ಒಂದು ಸಾಲು ಬರೆಯಲು ಜಾಗ ಉಳಿದಿತ್ತು. "ಏನು ಬರೆಯಲಿ ಉಸ್ತಾದ್?" ಎಂದ. "ತಟ್ಟೆಗೆ ಹಾಕಿಸಿಕೊಂಡದ್ದನ್ನು ಎಸೆಯಬೇಡಿ ಅಂತ ಬರಿ" ಎಂದೆವು. ಎರಡನೆಯವನೂ ತಲೆ ಅಲ್ಲಾಡಿಸಿದ.